ಹಳೆಯ ಸ್ಪೋರ್ಟ್ಸ್ ಕಾರನ್ನು ಎಷ್ಟು ತಗ್ಗಿಸಬೇಕು?

ಓದುಗರ ಪ್ರಶ್ನೆಗಳಿಗೆ ಉತ್ತರ: ವಾಹನ ವಿಭಾಗ

ಪ್ರಶ್ನೆ: ನನ್ನ ಬಳಿ 1975ರ ಎಂಜಿಬಿ ರೋಡ್‌ಸ್ಟರ್ ಇದೆ. ನಮ್ಮ ಸೋದರಮಾವ ಇಂಗ್ಲೆಂಡಿನಲ್ಲಿ ಕೆಲಸ ಮುಗಿಸಿ ಊರಿಗೆ ಮರಳುವಾಗ ಜೊತೆಯಲ್ಲಿ ತಂದ ಗಾಡಿ. ಕಪ್ಪು ರಬ್ಬರ್ ಬಂಪರಿನದು. ಎಂಜಿನ್ ಕೆಲಸವೆಲ್ಲ ಕಳೆದ ವರ್ಷ ಮುಗಿಯಿತು. ಈಗ ಉಳಿದಿರುವ ಬೇಸರವೆಂದರೆ, ಗಾಡಿ ನಿಂತಾಗ ತುದಿಗಾಲಲ್ಲಿ ನಿಂತ ಹಾಗೆ ಕಾಣುತ್ತದೆ, ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವೆ ಅಂಗೈ ತೂರುವಷ್ಟು ಸಂದಿ ಇದೆ. ದೇವರಾಯನದುರ್ಗದ ತಿರುವುಗಳಲ್ಲಿ ಒಂದು ಮಗ್ಗುಲಿಗೆ ವಾಲುತ್ತದೆ. ಈಗಿರುವ ಟಯರುಗಳು 185/60 ಆರ್ 14 ಅಳತೆಯವು. ಎರಡೂವರೆ ಇಂಚು ಇಳಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಇಳಿಸಬಹುದೇ? ಕಾನೂನಿನ ತೊಡಕೇನಾದರೂ ಇದೆಯೇ?
— ಓದುಗರು, ತುಮಕೂರು

ಉತ್ತರ: ಇಳಿಸಬಹುದು, ಆದರೆ ಎರಡೂವರೆ ಇಂಚಲ್ಲ, ಒಂದು ಇಂಚು; ಅದನ್ನೂ ಬೇರೆ ಮೂರು ಕೆಲಸಗಳು ಮುಗಿದ ಮೇಲೆ ಮಾಡಿಸಿ. ಆ ಮೂರು ಕೆಲಸಗಳನ್ನು ಮಾಡಿಸಿದ ನಂತರ ಇಳಿಸುವ ಆಸೆಯೇ ನಿಮಗೆ ಅರ್ಧಕ್ಕರ್ಧ ಕಡಿಮೆಯಾದೀತೆಂದು ನನಗನ್ನಿಸುತ್ತದೆ. ಹಾಗೇಕೆ ಅನ್ನುತ್ತೇನೆಂದು ವಿವರವಾಗಿ ಹೇಳಬೇಕು.

ನಿಮ್ಮ ಗಾಡಿ ಎತ್ತರವಾಗಿ ಕಾಣುತ್ತದೆ ಎನ್ನುವುದು ನಿಮ್ಮ ಕಣ್ಣಿನ ಭ್ರಮೆಯಲ್ಲ. 1962ರಲ್ಲಿ ಇಂಗ್ಲೆಂಡಿನ ಅಬಿಂಗ್‌ಡನ್ ಕಾರ್ಖಾನೆಯಿಂದ ಹೊರಬಂದ ಎಂಜಿಬಿ, 1974ರ ಕೊನೆಯ ಭಾಗದವರೆಗೆ ಕ್ರೋಮ್ ಬಂಪರಿನ, ನೆಲಕ್ಕೆ ಹತ್ತಿರವಾಗಿ ಕೂರುವ ಗಾಡಿಯಾಗಿತ್ತು. ಅದರ ಬಹುಪಾಲು ಗ್ರಾಹಕರು ಅಮೆರಿಕದವರು. ಅಲ್ಲಿ ಬಂಪರುಗಳು ಎಷ್ಟು ಎತ್ತರದಲ್ಲಿರಬೇಕು, ಎಷ್ಟು ಧಕ್ಕೆ ತಡೆದುಕೊಳ್ಳಬೇಕು ಎಂಬ ಬಗ್ಗೆ ಹೊಸ ನಿಯಮಗಳು ಬಂದಾಗ, ಆಗಿನ ಮಾಲೀಕರಾದ ಬ್ರಿಟಿಷ್ ಲೇಲ್ಯಾಂಡ್ ಸಂಸ್ಥೆಯವರು ಗಾಡಿಯ ವಿನ್ಯಾಸವನ್ನು ಹೊಸದಾಗಿ ಮಾಡುವ ಬದಲು ಗಾಡಿಯನ್ನೇ ಒಂದರಿಂದ ಒಂದೂವರೆ ಇಂಚಿನಷ್ಟು ಮೇಲಕ್ಕೆತ್ತಿ, ಕಪ್ಪು ಬಂಪರು ತೊಡಿಸಿದರು. ಇಂಗ್ಲೆಂಡಿನಲ್ಲಿ ಮಾರಿದ ಗಾಡಿಗಳಿಗೂ ಅದೇ ಗತಿಯಾಯಿತು. ಭಾರವೆಲ್ಲ ಮೇಲಕ್ಕೆ ಹೋದ ಇದೇ ಸಮಯದಲ್ಲಿ, ಖರ್ಚು ಉಳಿಸುವ ಸಲುವಾಗಿ ರೋಡ್‌ಸ್ಟರಿನ ಮುಂಭಾಗದ ಆ್ಯಂಟಿ-ರೋಲ್ ಬಾರನ್ನು ಕೂಡ ತೆಗೆದುಹಾಕಿದರು. ತಿರುವಿನಲ್ಲಿ ಗಾಡಿ ಒಂದು ಕಡೆಗೆ ವಾಲದಂತೆ ಎಡ ಬಲ ಚಕ್ರಗಳನ್ನು ಒಂದಕ್ಕೊಂದು ಬಿಗಿಯುವ ಉಕ್ಕಿನ ಸರಳು ಅದು. 1977ರ ಮಾದರಿಗೆ ಬರುವಾಗ ತಪ್ಪು ತಿದ್ದಿಕೊಂಡು, ಮುಂದೆಯೂ ಹಿಂದೆಯೂ ಬಾರ್ ಕೊಟ್ಟರು. ನಿಮ್ಮದು ನಡುವಿನ ವರ್ಷದ ಗಾಡಿ. ದೇವರಾಯನದುರ್ಗದ ತಿರುವಿನಲ್ಲಿ ನಿಮಗಾಗುವ ಅನುಭವಕ್ಕೆ ಎತ್ತರವೊಂದೇ ಕಾರಣವಲ್ಲ, ಈ ಸರಳಿನ ಗೈರುಹಾಜರಿ ಅದಕ್ಕಿಂತ ದೊಡ್ಡ ಕಾರಣ.

ಈಗ ಆ ಸಂದಿಯ ವಿಷಯ. ಈ ಗಾಡಿಗೆ ಕಾರ್ಖಾನೆ ಕೊಟ್ಟ ರೇಡಿಯಲ್ ಟಯರು 165 ಆರ್ 14. ಅದರ ಒಟ್ಟು ವ್ಯಾಸ ಸುಮಾರು 620 ಮಿ.ಮೀ. ನೀವು ಹಾಕಿಸಿರುವ 185/60 ಟಯರಿನ ವ್ಯಾಸ ಸುಮಾರು 578 ಮಿ.ಮೀ. ವ್ಯಾಸದಲ್ಲಿ 42 ಮಿ.ಮೀ. ಕಡಿಮೆಯೆಂದರೆ, ಚಕ್ರದ ನಡುಬಿಂದು ನೆಲಕ್ಕೆ 21 ಮಿ.ಮೀ. ಹತ್ತಿರ ಬಂದಿದೆ, ಜೊತೆಗೆ ಇಡೀ ಗಾಡಿಯೂ ಅಷ್ಟೇ ಇಳಿದಿದೆ. ಅಂದರೆ ನೀವು ಈಗಾಗಲೇ ಮುಕ್ಕಾಲು ಇಂಚಿಗಿಂತ ಹೆಚ್ಚು ನೆಲದ ಅಂತರ ಕಳೆದುಕೊಂಡಿದ್ದೀರಿ, ಆದರೆ ಟಯರಿನ ಮೇಲಂಚು ಕಮಾನಿನಿಂದ ದೂರ ಸರಿದಿರುವುದರಿಂದ ನೋಡುವವರಿಗೆ ಗಾಡಿ ಇನ್ನೂ ಎತ್ತರವಾಗಿ ಕಾಣುತ್ತಿದೆ. ಸ್ಪೀಡೋಮೀಟರು 100 ತೋರಿಸುವಾಗ ನೀವು ನಿಜವಾಗಿ ಓಡುತ್ತಿರುವುದು 93ರ ಆಸುಪಾಸಿನಲ್ಲಿ. ಮೊದಲ ಕೆಲಸ ಇದು: 165/80 ಆರ್ 14 ಟಯರು ಹಾಕಿಸಿ. ನಮ್ಮಲ್ಲಿ ಓಡುವ ಎಷ್ಟೋ ಸ್ವಿಫ್ಟ್, ಡಿಜೈರ್ ಕಾರುಗಳಲ್ಲಿ ಇರುವುದು ಇದೇ ಅಳತೆ, ಹಾಗಾಗಿ ತುಮಕೂರಿನ ಯಾವ ಟಯರ್ ಅಂಗಡಿಯಲ್ಲಾದರೂ ಸಿಗುತ್ತದೆ. ಅಗಲವಾದ ಟಯರೇ ಬೇಕೆನ್ನುವುದಾದರೆ 185/70 ಆರ್ 14 ಹುಡುಕಿ, ಅದರ ವ್ಯಾಸ ಹೆಚ್ಚು ಕಡಿಮೆ ಮೂಲದಷ್ಟೇ ಇದೆ.

ಎರಡನೆಯ ಕೆಲಸ, ಸವೆದದ್ದನ್ನು ಗುರುತಿಸುವುದು. ಐವತ್ತು ವರ್ಷದ ಸ್ಪ್ರಿಂಗುಗಳು ನಾಲ್ಕೂ ಕಡೆ ಒಂದೇ ಸಮ ಕುಸಿದಿರುವುದಿಲ್ಲ. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಟಯರುಗಳ ಗಾಳಿ ಸರಿಮಾಡಿ, ಪೆಟ್ರೋಲ್ ಟ್ಯಾಂಕು ಅರ್ಧ ತುಂಬಿಸಿ, ಪ್ರತಿ ಚಕ್ರದ ನಡುಬಿಂದುವಿನಿಂದ ಮೇಲಿನ ಕಮಾನಿನ ಅಂಚಿಗೆ ಇರುವ ದೂರವನ್ನು ಅಳೆದು ಬರೆದಿಟ್ಟುಕೊಳ್ಳಿ. ನೆಲದಿಂದ ಅಳೆಯಬೇಡಿ, ಟಯರಿನ ವ್ಯತ್ಯಾಸ ಅದರಲ್ಲಿ ಸೇರಿಕೊಳ್ಳುತ್ತದೆ. ಎಡಕ್ಕೂ ಬಲಕ್ಕೂ ಅರ್ಧ ಇಂಚಿನ ವ್ಯತ್ಯಾಸ ಕಂಡುಬಂದರೆ ಮೊದಲು ಸರಿಪಡಿಸಬೇಕಾದದ್ದು ಅದನ್ನು. ಆಮೇಲೆ ಶಾಕ್ ಅಬ್ಸಾರ್ಬರುಗಳನ್ನು ನೋಡಿ. ಈ ಗಾಡಿಯಲ್ಲಿ ಇರುವುದು ಇಂದಿನ ಉದ್ದನೆಯ ಕೊಳವೆಯಂಥವಲ್ಲ, ಎಣ್ಣೆ ತುಂಬಿದ ಡಬ್ಬಿಗೆ ತೋಳು ಜೋಡಿಸಿದಂಥವು. ಮುಂದಿನ ಚಕ್ರಗಳಲ್ಲಿ ಆ ತೋಳೇ ಸಸ್ಪೆನ್ಷನ್ನಿನ ಮೇಲಿನ ಕೈಯೂ ಹೌದು. ಅದರ ಕೀಲು ಸಡಿಲವಾಗಿದ್ದರೆ ಚಕ್ರವೇ ಸಡಿಲವಾಗಿದೆ ಎಂದರ್ಥ. ಒಂದೊಂದು ಮೂಲೆಯನ್ನೂ ಕೈಯಿಂದ ಬಲವಾಗಿ ಅದುಮಿ ಬಿಡಿ: ಗಾಡಿ ಒಮ್ಮೆ ಮೇಲೆದ್ದು ನಿಲ್ಲಬೇಕು, ತೊಟ್ಟಿಲಿನಂತೆ ತೂಗಬಾರದು. ಎಣ್ಣೆ ಒಸರಿದ್ದರೆ ಆ ಡಬ್ಬಿಯನ್ನು ದುರಸ್ತಿ ಮಾಡಿಸದೆ ಮುಂದಿನ ಯಾವ ಕೆಲಸಕ್ಕೂ ಕೈಹಾಕಬೇಡಿ.

ಮೂರನೆಯದು, ಮುಂಭಾಗದ ಆ್ಯಂಟಿ-ರೋಲ್ ಬಾರು. ಎಂಜಿಬಿಯ ಬಿಡಿಭಾಗಗಳು ಇಂಗ್ಲೆಂಡಿನಿಂದ ಇಂದಿಗೂ ಹೊಸದಾಗಿಯೇ ಸಿಗುತ್ತವೆ, ಇದೂ ಸಿಗುತ್ತದೆ. ಬಾರಿನ ಜೊತೆ ಅದರ ಲಿಂಕುಗಳು ಮತ್ತು ರಬ್ಬರ್ ಬುಷ್‌ಗಳನ್ನೂ ತರಿಸಿ. ಇದನ್ನು ಹಾಕಿಸಿ, ಒಂದು ತಿಂಗಳು ಗಾಡಿ ಓಡಿಸಿ, ನಾಮದ ಚಿಲುಮೆಯ ಕಡೆಯಿಂದ ಬೆಟ್ಟ ಹತ್ತಿ ಇಳಿದು ನೋಡಿ. ಆಗಲೂ ಇಳಿಸಬೇಕೆನ್ನಿಸಿದರೆ ಮುಂದೆ ಓದಿ.

ಎಷ್ಟು ಇಳಿಸಬೇಕೆಂಬುದನ್ನು ನಿಮ್ಮ ಆಸೆಯಾಗಲಿ ಗ್ಯಾರೇಜಾಗಲಿ ನಿರ್ಧರಿಸುವುದಲ್ಲ, ನೀವು ಓಡಾಡುವ ರಸ್ತೆಯ ಹಂಪುಗಳು ನಿರ್ಧರಿಸಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುವ ಹಂಪಿಗೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಬಾಗು ಇರುತ್ತದೆ. ನಿಮ್ಮ ಗಾಡಿಯ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 91 ಇಂಚು, ಅಂದರೆ 2.31 ಮೀಟರ್. ಗಾಡಿಯ ನಡುಭಾಗ ಅಂಥ ಹಂಪಿನ ನೆತ್ತಿಗೆ ಬಂದಾಗ ನಾಲ್ಕು ಚಕ್ರಗಳೂ ಹಂಪಿನ ಮೇಲೆಯೇ ಇರುತ್ತವೆ. ಲೆಕ್ಕ ಹಾಕಿದರೆ ಹೊಟ್ಟೆಯ ಕೆಳಗೆ ಕಡಿಮೆಯಾಗುವ ಜಾಗ ಸುಮಾರು 39 ಮಿ.ಮೀ. ಮಾತ್ರ. ಗಾಡಿಯ ಅತಿ ತಗ್ಗಿನ ಭಾಗ ನೆಲದಿಂದ 125 ಮಿ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಳ್ಳೋಣ. ಒಂದು ಇಂಚು ಇಳಿಸಿದ ಮೇಲೂ ಈ ಹಂಪಿನ ನೆತ್ತಿಯಲ್ಲಿ 61 ಮಿ.ಮೀ. ಉಳಿಯುತ್ತದೆ. ಎರಡೂವರೆ ಇಂಚು ಇಳಿಸಿದರೆ ಉಳಿಯುವುದು 23 ಮಿ.ಮೀ.; ಪಕ್ಕದಲ್ಲಿ ಒಬ್ಬರು ಕೂತು, ಸ್ಪ್ರಿಂಗು ಒಮ್ಮೆ ಅದುಮಿದರೆ ಅದೂ ಮುಗಿಯಿತು. ಇದು ನಿಯಮದಂತೆ ಕಟ್ಟಿದ ಹಂಪಿನ ಮಾತು. ಹಳ್ಳಿಗಳ ಮುಂದೆ ಜನರು ತಮ್ಮ ಮಕ್ಕಳ ಸುರಕ್ಷತೆಗಾಗಿ ತಾವೇ ಹಾಕಿಕೊಂಡ, ಒಂದು ಅಡಿ ಅಗಲದ, ಗೇಣೆತ್ತರದ ದಿಣ್ಣೆಗಳಲ್ಲಿ ಚಕ್ರಗಳು ಆಚೆ ಈಚೆ ಇಳಿದುಬಿಟ್ಟು ದಿಣ್ಣೆಯ ಪೂರ್ತಿ ಎತ್ತರ ಹೊಟ್ಟೆಗೆ ತಾಗುತ್ತದೆ. ಗುಬ್ಬಿ ರಸ್ತೆಯಲ್ಲಿ ಅಂಥದೊಂದನ್ನು ದಾಟಿಬಂದ ಸ್ನೇಹಿತರ ಗಾಡಿಯ ಕೆಳಗೆ ನಾನು ಮಲಗಿ ನೋಡಿದ್ದೇನೆ: ಸೈಲೆನ್ಸರಿನ ಕ್ಲಾಂಪಿನ ನಟ್ಟು ಅರ್ಧಕ್ಕೆ ಸವೆದು, ಸವೆದ ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು. ಆ ಗಾಡಿಯನ್ನೂ ಎರಡೂವರೆ ಇಂಚು ಇಳಿಸಿದ್ದರು.

ಆದ್ದರಿಂದ ಇಳಿಸುವ ಮುನ್ನವೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಕಟ್ಟಡದ ಕಂಬಿ ಕಟ್ಟಲು ಬಳಸುವ ಬೈಂಡಿಂಗ್ ವೈರನ್ನು ಗಾಡಿಯ ಅತಿ ತಗ್ಗಿನ ಭಾಗಕ್ಕೆ, ಸಾಮಾನ್ಯವಾಗಿ ಅದು ಎಕ್ಸಾಸ್ಟ್ ಪೈಪು, ಸುತ್ತಿ ಕಟ್ಟಿ, ಒಂದು ತುದಿ ಸರಿಯಾಗಿ ಒಂದು ಇಂಚು ಕೆಳಕ್ಕೆ ನೇರವಾಗಿ ಇಳಿಯುವಂತೆ ಬಿಡಿ. ಹದಿನೈದು ದಿನ ನಿಮ್ಮ ಮಾಮೂಲು ರಸ್ತೆಗಳಲ್ಲಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡೂ ಓಡಿಸಿ, ಪ್ರತಿ ಸಂಜೆ ಬಗ್ಗಿ ನೋಡಿ. ತಂತಿ ನೆಟ್ಟಗೇ ಇದ್ದರೆ ಒಂದು ಇಂಚು ಇಳಿಸಬಹುದು. ಹಿಂದಕ್ಕೆ ಮಡಚಿಕೊಂಡಿದ್ದರೆ, ಯಾವ ಹಂಪಿನಲ್ಲಿ ಮಡಚಿತೆಂದು ನಿಮಗೇ ಗೊತ್ತಿರುತ್ತದೆ. ಆ ದಾರಿ ನಿಮಗೆ ಅನಿವಾರ್ಯವೇ ಎಂಬುದನ್ನು ನೀವೇ ಯೋಚಿಸಬೇಕು.

ನಮ್ಮ ಭಾಗಕ್ಕೇ ಸೇರಿದ ಇನ್ನೊಂದು ಅಪಾಯವನ್ನೂ ಹೇಳಬೇಕು. ಸುಗ್ಗಿಯ ದಿನಗಳಲ್ಲಿ ರಾಗಿ, ಹುರುಳಿಯನ್ನು ಒಕ್ಕಣೆಗೆಂದು ರಸ್ತೆಯ ಮೇಲೆಯೇ ಹರಡುತ್ತಾರೆ. ಹುರುಳಿಯ ಬಳ್ಳಿ ಆ್ಯಕ್ಸಲಿಗೆ ಸುತ್ತಿಕೊಂಡು, ಒಣಹುಲ್ಲು ಕಾದ ಎಕ್ಸಾಸ್ಟಿಗೆ ತಾಗಿ ಕಾರುಗಳು ಹೊತ್ತಿಕೊಂಡ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಗಾಡಿ ತಗ್ಗಿದಷ್ಟೂ ಈ ಅಪಾಯ ಹೆಚ್ಚು. ಡಿಸೆಂಬರ್, ಜನವರಿಯಲ್ಲಿ ಒಕ್ಕಣೆಯ ರಸ್ತೆ ಎದುರಾದರೆ ಬಳಸುದಾರಿ ಹಿಡಿಯಿರಿ. ದಾಟಲೇಬೇಕಾಗಿ ಬಂದರೆ ದಾಟಿದ ಕೂಡಲೇ ನಿಲ್ಲಿಸಿ, ಕೆಳಗೆ ಬಗ್ಗಿ ನೋಡಿ. ಒಂದು ಸಣ್ಣ ಅಗ್ನಿಶಾಮಕ ಸಿಲಿಂಡರ್ ಸೀಟಿನ ಹಿಂದೆ ಸದಾ ಇರಲಿ.

ಇನ್ನು ಕೆಲಸದ ರೀತಿ. ಹಿಂಭಾಗದಲ್ಲಿ ಆ್ಯಕ್ಸಲಿನ ಕೆಳಗೆ ಲೀಫ್ ಸ್ಪ್ರಿಂಗ್, ಅಂದರೆ ಗ್ಯಾರೇಜಿನ ಮಾತಿನ ಬ್ಲೇಡ್ ಸೆಟ್ ಇರುತ್ತದೆ. ಆ್ಯಕ್ಸಲಿಗೂ ಬ್ಲೇಡಿಗೂ ನಡುವೆ ಒಂದು ಇಂಚು ದಪ್ಪದ ಲೋಹದ ತುಂಡು ಕೂರಿಸಿ, ಅಷ್ಟೇ ಉದ್ದ ಹೆಚ್ಚಿರುವ ಯೂ ಬೋಲ್ಟುಗಳಿಂದ ಬಿಗಿದರೆ ಗಾಡಿ ಒಂದು ಇಂಚು ಇಳಿಯುತ್ತದೆ. ಬ್ಲೇಡುಗಳ ನಡುವಿನ ಬೋಲ್ಟಿನ ತಲೆ ಕೂರಲು ಆ ತುಂಡಿನಲ್ಲಿ ಗುಳಿ ಇರಬೇಕು, ಅದರ ಮೇಲ್ಭಾಗದಲ್ಲಿ ಆ್ಯಕ್ಸಲಿನ ರಂಧ್ರಕ್ಕೆ ಕೂರುವ ಮೊಳೆ ಇರಬೇಕು. ಇಲ್ಲದಿದ್ದರೆ ಬ್ರೇಕ್ ಹಿಡಿದಾಗ ಆ್ಯಕ್ಸಲು ಜಾರಬಹುದು. ಮರದ ತುಂಡು ಖಂಡಿತ ಕೂಡದು, ಎರಡು ತುಂಡು ಒಂದರ ಮೇಲೊಂದು ಇಡುವುದೂ ಕೂಡದು. ಬ್ಲೇಡುಗಳು ಹೇಗೂ ಕುಸಿದಿದ್ದರೆ, ತುಂಡಿನ ಬದಲು ಬ್ಲೇಡ್ ಸೆಟ್ಟನ್ನೇ ಬೇಕಾದ ಬಾಗಿಗೆ ತರಿಸುವುದು ಹೆಚ್ಚು ಒಳ್ಳೆಯದು. ತುಮಕೂರು ಹೆದ್ದಾರಿಯ ಊರು, ಲಾರಿಗಳ ಬ್ಲೇಡ್ ಕೆಲಸದಲ್ಲಿ ಪಳಗಿದ ಕೈಗಳು ಇಲ್ಲಿವೆ; ಆದರೆ ಇದು ಒಂದು ಟನ್ನಿನ ಆಸುಪಾಸಿನ ಗಾಡಿ, ಲಾರಿಯ ಅಂದಾಜಿನಲ್ಲಿ ಬಿಗಿ ಮಾಡಬಾರದೆಂದು ಮೊದಲೇ ಹೇಳಿ.

ಮುಂಭಾಗದಲ್ಲಿ ಗಿಡ್ಡನೆಯ ಕಾಯಿಲ್ ಸ್ಪ್ರಿಂಗುಗಳ ಜೋಡಿ ಬೇಕು. ಇಲ್ಲಿ ಹಲವರು ಎಡವುವುದನ್ನು ಕಂಡಿದ್ದೇನೆ. ಸ್ಪ್ರಿಂಗು ಕೆಳಗಿನ ತೋಳಿನ ತುದಿಯಲ್ಲಿಲ್ಲ, ಸುಮಾರು ನಡುವೆ ಕೂತಿದೆ. ಆದ್ದರಿಂದ ಸ್ಪ್ರಿಂಗು ಅರ್ಧ ಇಂಚು ಗಿಡ್ಡವಾದರೆ ಗಾಡಿ ಇಳಿಯುವುದು ಸುಮಾರು ಒಂದು ಇಂಚು. ಒಂದು ಇಂಚು ಇಳಿಸಲು ಒಂದು ಇಂಚು ಗಿಡ್ಡ ಸ್ಪ್ರಿಂಗು ಹಾಕಿದವರು ಎರಡು ಇಂಚು ಇಳಿದ ಮೂತಿಯನ್ನು ಕಂಡು ಕಂಗಾಲಾಗುತ್ತಾರೆ. ಕ್ರೋಮ್ ಬಂಪರ್ ಗಾಡಿಯ ಕ್ರಾಸ್ ಮೆಂಬರನ್ನೇ, ಅಂದರೆ ಮುಂದಿನ ಸಸ್ಪೆನ್ಷನ್ ಹೊರುವ ಅಡ್ಡ ತೊಲೆಯನ್ನೇ ತಂದು ಕೂರಿಸುವ ದಾರಿಯೂ ಇದೆ, ಆದರೆ ಅದರಲ್ಲಿ ಸ್ಟಿಯರಿಂಗ್ ರ‍್ಯಾಕ್ ಕೂರುವ ರೀತಿಯೇ ಬೇರೆಯಾದ್ದರಿಂದ ನಿಮಗೆ ನಾನು ಅದನ್ನು ಸೂಚಿಸುವುದಿಲ್ಲ. ಅದುಮಿಟ್ಟ ಸ್ಪ್ರಿಂಗಿನಲ್ಲಿ ಮನುಷ್ಯನ ಕೈಕಾಲು ಮುರಿಯುವಷ್ಟು ಶಕ್ತಿ ಅಡಗಿರುತ್ತದೆ. ಜಾಕನ್ನು ಸ್ಪ್ರಿಂಗಿನ ತಟ್ಟೆಯ ಕೆಳಗೆ ಕೊಟ್ಟು, ಗಾಡಿಯನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಉದ್ದ ಬೋಲ್ಟುಗಳ ಸಹಾಯದಿಂದ ನಿಧಾನವಾಗಿ ಬಿಡಿಸುವವರಿಗೇ ಈ ಕೆಲಸ ಕೊಡಿ. ತೋಳಿನ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಚಕ್ರ ನೆಲಕ್ಕಿಳಿದು ಗಾಡಿಯ ಭಾರ ಬಿದ್ದ ಮೇಲೆಯೇ ಕೊನೆಯದಾಗಿ ಬಿಗಿಯಬೇಕು. ಚಕ್ರ ತೂಗಾಡುವಾಗ ಬಿಗಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಗಾಡಿ ಬಡಿಯುತ್ತದೆಂದು ಬಂಪ್ ಸ್ಟಾಪ್ ರಬ್ಬರುಗಳನ್ನು ಕೊಯ್ಯಲು ಬಿಡಬೇಡಿ, ಲೋಹಕ್ಕೆ ಲೋಹ ತಾಗದಂತೆ ತಡೆಯುವುದು ಅವೇ. ಎಲ್ಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟಿನ ಬೆಳಕು ಬೀಳುವ ಜಾಗ ಸರಿಮಾಡಿಸಿ, ಯೂ ಬೋಲ್ಟುಗಳನ್ನು ನೂರು ಕಿಲೋಮೀಟರ್ ಓಡಿದ ನಂತರ ಮತ್ತೊಮ್ಮೆ ಬಿಗಿಸಿ.

ಕಾನೂನಿನ ಬಗ್ಗೆ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಸ್ಪಷ್ಟಪಡಿಸಿತು. ನಿಮ್ಮ ಗಾಡಿಗೆ ಇನ್ನೊಂದು ವಿಷಯವೂ ಅನ್ವಯಿಸುತ್ತದೆ. 2021ರ ಜುಲೈನಲ್ಲಿ ಬಂದ ಕೇಂದ್ರ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಛಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆಯಾಗದ ವಾಹನವನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ ಎಂಬುದನ್ನೂ ನೆನಪಿಡಿ. ನಿಮ್ಮ ಗಾಡಿ ಆ ಗಡಿಗೆ ಬಂದಿದೆ. ಆದ್ದರಿಂದ ಛಾಸಿಗೆ ಗ್ಯಾಸ್ ಕಟ್ಟರಾಗಲಿ ವೆಲ್ಡಿಂಗಾಗಲಿ ಮುಟ್ಟಕೂಡದು. ಬೋಲ್ಟು ಬಿಚ್ಚಿ ಮತ್ತೆ ಮೊದಲಿನಂತೆ ಮಾಡಬಲ್ಲ ಬದಲಾವಣೆಯನ್ನಷ್ಟೇ ಮಾಡಿಸಿ, ತೆಗೆದ ಸ್ಪ್ರಿಂಗು, ಯೂ ಬೋಲ್ಟುಗಳಿಗೆ ಎಣ್ಣೆ ಸವರಿ ಗೋಣಿಯಲ್ಲಿ ಸುತ್ತಿ ಜೋಪಾನವಾಗಿಡಿ, ಮತ್ತು ಕೆಲಸಕ್ಕೆ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಬರವಣಿಗೆಯ ಮೂಲಕ ಕೇಳಿಕೊಳ್ಳಿ.

ಪ್ರಶ್ನೆ: ನನ್ನದು ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 3. ನಂದಿ ಬೆಟ್ಟ ಇಳಿಯುವಾಗ, ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಎದ್ದು ಪಕ್ಕಕ್ಕೆ ಸರಿದಂತಾಗುತ್ತದೆ. ಹಿಂಭಾಗ ತಗ್ಗಿಸಿದರೆ ಸರಿಹೋಗುತ್ತದೆಯೇ?
— ಓದುಗರು, ಚಿಕ್ಕಬಳ್ಳಾಪುರ

ಉತ್ತರ: ತಗ್ಗಿಸುವುದರಿಂದ ನಿಜವಾಗಿಯೂ ಸುರಕ್ಷತೆ ಹೆಚ್ಚುವ ಅಪರೂಪದ ಗಾಡಿ ನಿಮ್ಮದು. ಸ್ಪಿಟ್‌ಫೈರನ್ನು ಕಟ್ಟಿದ್ದು ಹೆರಾಲ್ಡಿನ ಛಾಸಿಯನ್ನು ಗಿಡ್ಡ ಮಾಡಿ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ನಮ್ಮ ಸ್ಟ್ಯಾಂಡರ್ಡ್ ಹೆರಾಲ್ಡಿನ ನೆಂಟ ಅದು. ಹಿಂದಿನ ಎರಡೂ ಚಕ್ರಗಳನ್ನು ಹೊರುವುದು ಡಿಫರೆನ್ಷಿಯಲ್ (ಎಂಜಿನ್ನಿನ ಶಕ್ತಿಯನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆ) ಮೇಲೆ ಅಡ್ಡಲಾಗಿ ಕೂತ ಒಂದೇ ಬ್ಲೇಡ್ ಸೆಟ್. ಆ್ಯಕ್ಸಲಿನ ಪ್ರತಿ ಅರ್ಧವೂ ಒಳತುದಿಯ ಕೀಲಿನಲ್ಲಿ ಮಾತ್ರ ಬಾಗುವುದರಿಂದ, ಗಾಡಿಯ ಹಿಂಭಾಗ ಮೇಲೆದ್ದಂತೆ ಚಕ್ರಗಳ ಬುಡ ಒಳಕ್ಕೆ ಮಡಚಿಕೊಳ್ಳುತ್ತದೆ, ಆಗ ಟಯರು ಅಂಚಿನ ಮೇಲೆ ನಿಂತು ರಸ್ತೆಯ ಹಿಡಿತ ಬಿಡುತ್ತದೆ. 1970ರ ಮಾರ್ಕ್ 4ರಲ್ಲಿ ಸ್ಪ್ರಿಂಗ್ ಕೂರುವ ರೀತಿಯನ್ನೇ ಬದಲಿಸಿ ಈ ದೋಷವನ್ನು ಬಹಳ ಮಟ್ಟಿಗೆ ತಗ್ಗಿಸಿದರು.

ಚಾಲಕರ ಸೀಟಿನಲ್ಲಿ ಒಬ್ಬರು ಕೂತಾಗ ಹಿಂದಿನ ಚಕ್ರಗಳ ನೆತ್ತಿ ಒಂದರಿಂದ ಎರಡು ಡಿಗ್ರಿಯಷ್ಟು ಒಳಕ್ಕೆ ವಾಲಿರುವಂತೆ ಬ್ಲೇಡ್ ಸೆಟ್ಟಿನ ಬಾಗು ಕಡಿಮೆ ಮಾಡಿಸಿ, ಅಥವಾ ಬ್ಲೇಡಿಗೂ ಡಿಫರೆನ್ಷಿಯಲಿಗೂ ನಡುವೆ ತೆಳುವಾದ ಲೋಹದ ತುಂಡು ಕೂರಿಸಿ. ಅದಕ್ಕಿಂತ ಹೆಚ್ಚಾದರೆ ಟಯರಿನ ಒಳಅಂಚು ಬೇಗ ಸವೆಯುತ್ತದೆ. ಹೊಸ ಸ್ಪ್ರಿಂಗ್ ಹಾಕಿಸಿದ ಮೇಲೆ ಈ ತೊಂದರೆ ಶುರುವಾಗಿದ್ದರೆ ಆಶ್ಚರ್ಯವಿಲ್ಲ, ಹೊಸದು ಹಿಂಭಾಗವನ್ನು ಎತ್ತಿರುತ್ತದೆ. ಅಲ್ಲಿಯವರೆಗೆ ನಂದಿಯ ಇಳಿಜಾರಿನಲ್ಲಿ ತಿರುವಿಗೆ ಮೊದಲೇ ವೇಗ ಇಳಿಸಿ, ಗೇರು ಬದಲಿಸಿ, ತಿರುವಿನೊಳಗೆ ಆಕ್ಸಿಲರೇಟರನ್ನು ಸಮನಾಗಿ ಹಿಡಿದಿರಿ, ತಟ್ಟನೆ ಬಿಡಬೇಡಿ. ಗಾಡಿಯನ್ನು ಮೇಲೆತ್ತಿಸಿದಾಗ ಮುಂದಿನ ಚಕ್ರಗಳ ಟ್ರನಿಯನ್ ಕೀಲುಗಳಿಗೆ ಗ್ರೀಸ್ ಅಲ್ಲ, 90 ದರ್ಜೆಯ ಗೇರ್ ಆಯಿಲ್ ತುಂಬಿಸಿ. ಗ್ರೀಸ್ ತುಂಬಿ ಒಣಗಿಸಿದ ಟ್ರನಿಯನ್ ಒಂದು ದಿನ ಚಕ್ರಸಮೇತ ಮುರಿಯುತ್ತದೆ.

ಪ್ರಶ್ನೆ: 1969ರ ಎಂಜಿ ಮಿಜೆಟ್ ಕಾರಿನ ಮುಂದಿನ ಸ್ಪ್ರಿಂಗುಗಳನ್ನು ಗ್ಯಾಸಿನಲ್ಲಿ ಕಾಯಿಸಿ ಕೂರಿಸುವುದು ಅಥವಾ ಒಂದು ಸುತ್ತು ಕತ್ತರಿಸುವುದು ಅಗ್ಗದ ದಾರಿ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಮಾಡಿಸಲೇ?
— ಓದುಗರು, ಕೋಲಾರ

ಉತ್ತರ: ಕಾಯಿಸುವುದು ಬೇಡವೇ ಬೇಡ. ಸ್ಪ್ರಿಂಗಿನ ಗುಣವೆಲ್ಲ ಇರುವುದು ಉಕ್ಕಿಗೆ ಕಾರ್ಖಾನೆಯಲ್ಲಿ ಕೊಟ್ಟ ಹದದಲ್ಲಿ; ಗ್ಯಾಸಿನ ಜ್ವಾಲೆ ತಾಗಿದ ಜಾಗದಲ್ಲಿ ಆ ಹದ ಹೋಗಿ, ಅಲ್ಲಿಂದಲೇ ಸ್ಪ್ರಿಂಗು ಮತ್ತೆ ಮತ್ತೆ ಕುಸಿಯುತ್ತದೆ ಅಥವಾ ಮುರಿಯುತ್ತದೆ. ಎಡಕ್ಕೂ ಬಲಕ್ಕೂ ಒಂದೇ ಸಮ ಕಾಯಿಸುವುದು ಯಾರ ಕೈಯಲ್ಲೂ ಸಾಧ್ಯವಿಲ್ಲ. ಕತ್ತರಿಸುವುದು ಅಷ್ಟು ಕೆಟ್ಟದ್ದಲ್ಲದಿದ್ದರೂ, ಕೆಲಸ ಮಾಡುವ ಎಂಟು ಸುತ್ತುಗಳಲ್ಲಿ ಒಂದನ್ನು ತೆಗೆದರೆ ಸ್ಪ್ರಿಂಗು ಸುಮಾರು ಶೇ. 14ರಷ್ಟು ಗಡುಸಾಗುತ್ತದೆ, ಕತ್ತರಿಸಿದ ತುದಿ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ, ಮತ್ತು ಒಮ್ಮೆ ಕತ್ತರಿಸಿದ್ದನ್ನು ಮತ್ತೆ ಬೆಳೆಸಲಾಗುವುದಿಲ್ಲ. ತಂತಿಯ ದಪ್ಪ, ಸುರುಳಿಯ ಹೊರವ್ಯಾಸ, ಸುತ್ತುಗಳ ಸಂಖ್ಯೆ ಮತ್ತು ಬಿಟ್ಟಾಗಿನ ಉದ್ದವನ್ನು ಅಳೆದುಕೊಂಡು ಬೆಂಗಳೂರಿನ ಪೀಣ್ಯದಲ್ಲಿ ಸ್ಪ್ರಿಂಗ್ ತಯಾರಿಸುವವರ ಬಳಿ ಹೋದರೆ ಬೇಕಾದ ಉದ್ದದ ಹೊಸ ಜೋಡಿ ಮಾಡಿಕೊಡುತ್ತಾರೆ. ಕಾಯಿಸಿದ ಸ್ಪ್ರಿಂಗನ್ನು ಈಗಾಗಲೇ ಹಾಕಿಸಿಬಿಟ್ಟಿದ್ದರೆ, ಹೊಸ ಜೋಡಿ ಬರುವವರೆಗೆ ಗಾಡಿಯನ್ನು ಶೆಡ್ಡಿನಿಂದ ಹೊರಗೆ ತೆಗೆಯಬೇಡಿ.